ಇಂಗ್ಲೆಂಡಿನ ಹಿಮ್ಮಡಿಗಳು

ಬುಧವಾರ, ಊಟದ ಕೋಣೆ

ಬುಧವಾರ ಮಧ್ಯಾಹ್ನ ಹನ್ನೆರಡು ಮುಕ್ಕಾಲಿಗೆ, ಇಂಗ್ಲೆಂಡಿನ ಒಂದು ನರ್ಸಿಂಗ್ ಹೋಮಿನ ಊಟದ ಕೋಣೆಯಲ್ಲಿ, ನಮ್ಮ ಶಿವಣ್ಣ ಮಾವ ಆರ್ಥರ್ ಎಂಬ ಮುದುಕರ ನೆತ್ತಿಯನ್ನು ಪಟಪಟನೆ ತಟ್ಟತೊಡಗಿದರು. ಗಂಟೆ ನೆನಪಿರುವುದಕ್ಕೆ ಕಾರಣವಿದೆ. ಆರ್ಥರ್ ಅವರ ತಲೆಯ ನೇರ ಹಿಂದೆ ಗೋಡೆಗಡಿಯಾರವಿತ್ತು. ಅವರ ಮುಖ ಮೊದಲು ಕೆಂಪಾಗಿ, ಆಮೇಲೆ ನೇರಳೆಗೆ ತಿರುಗುವುದನ್ನು ನೋಡಲಾರದೆ ನಾನು ಗಡಿಯಾರವನ್ನೇ ನೋಡುತ್ತ ನಿಂತಿದ್ದೆ. ಈಗಲೂ ಕಾಲೇಜಿನ ಗೋಡೆಗಡಿಯಾರದ ಕೆಳಗೆ ಯಾರಾದರೂ ಕೂತರೆ ಅವರ ಮುಖದ ಬಣ್ಣ ಸರಿಯಾಗಿದೆಯೇ ಎಂದು ಒಮ್ಮೆ ಪರೀಕ್ಷೆ ಮಾಡುತ್ತೇನೆ.

ಮಾವ ನೆತ್ತಿ ಯಾಕೆ ತಟ್ಟಿದರು ಎಂದು ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಅಲ್ಲಿಯವರಿಗೆ ವಿವರಿಸುವಷ್ಟರಲ್ಲಿ ನನ್ನ ಓದೆಲ್ಲ ಖರ್ಚಾಯಿತು.

ಇದು ಅರಮನೆ, ಸೇತುವೆ ನೋಡಿ ಬಂದವರ ಕಥೆಯಲ್ಲ. ಹೋದವರು ಇಬ್ಬರೇ. ಹುಣಸೂರಿನಲ್ಲಿ ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಡುವ ನಾನು ಮತ್ತು ಬೆಟ್ಟದಪುರದ ಹತ್ತಿರ ಹೊಗೆಸೊಪ್ಪು ಬೆಳೆಯುವ ನನ್ನ ಸೋದರಮಾವ. ನನ್ನ ದೊಡ್ಡಮ್ಮನಿಗೆ ಅಲ್ಲಿ ಒಂದು ನರ್ಸಿಂಗ್ ಹೋಮ್ ಆರಿಸಬೇಕಿತ್ತು. ನಮ್ಮಲ್ಲಿ ನರ್ಸಿಂಗ್ ಹೋಮ್ ಅಂದರೆ ಹೆರಿಗೆ, ಅಪೆಂಡಿಕ್ಸ್, ಎರಡು ದಿನ ಡ್ರಿಪ್. ಹೊರಡುವಾಗ ಮಾವನ ಊರಿನವರು, "ಅಷ್ಟು ದೂರ ನರ್ಸಿಂಗ್ ಹೋಮಿಗಾ? ಯಾರಿಗಣ್ಣ ಹೆರಿಗೆ?" ಎಂದು ಕೇಳಿದ್ದರು. ಅಲ್ಲಿ ಅದು ತಾವಾಗಿ ಏಳಲಾರದ, ಉಣ್ಣಲಾರದ ವೃದ್ಧರು ದಾದಿಯರ ಕೈಯಲ್ಲಿ ಉಳಿದ ದಿನ ಕಳೆಯುವ ಮನೆ.

ಸೋಮವಾರ, ಆಸ್ಪತ್ರೆ

ಗಿರಿಜ ದೊಡ್ಡಮ್ಮ ಹುಟ್ಟಿದ್ದು ಮಿರ್ಲೆಯಲ್ಲಿ. ಮೈಸೂರಿನಲ್ಲಿ ದಾದಿಯ ತರಬೇತಿ ಮುಗಿಸಿ, ಮನೆಯವರು ಗಂಡು ಹುಡುಕುವಷ್ಟರಲ್ಲಿ ಇಂಗ್ಲೆಂಡಿಗೆ ಹೋಗಿ, ಅಲ್ಲೇ ಬಸ್ ಓಡಿಸುತ್ತಿದ್ದ ಬಿಳಿಯನೊಬ್ಬನನ್ನು ಮದುವೆಯಾಗಿ, ಅಲ್ಲೇ ದುಡಿದು ನಿವೃತ್ತಳಾದವಳು. ಮಕ್ಕಳಿಲ್ಲ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಇದ್ದಳು. ಈ ವರ್ಷ ಅವಳಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು. ಜೊತೆಗೆ ಇಂಗ್ಲಿಷ್ ಪೂರ್ತಿ ಹೋಯಿತು. ಮಿರ್ಲೆಯ ಕನ್ನಡ ಮಾತ್ರ ಹಾಗೇ ಉಳಿಯಿತು.

ಹೀಗೂ ಆಗುತ್ತದೆಯಂತೆ. ಮಿದುಳಿನಲ್ಲಿ ಒಂದು ಭಾಷೆ ಅಳಿಸಿಹೋಗಿ ಇನ್ನೊಂದು ಉಳಿಯಬಹುದು ಎಂದು ವೈದ್ಯರು ಹೇಳಿದರು. ಆಸ್ಪತ್ರೆಯವರು ಫೋನಿನಲ್ಲಿ ಒಬ್ಬ ಕನ್ನಡ ದುಭಾಷಿಯನ್ನು ಹಿಡಿದಿದ್ದರು. ಆ ಸಜ್ಜನರು ದೊಡ್ಡಮ್ಮನ ಮಾತನ್ನು ಬಹಳ ಹೊತ್ತು ಕೇಳಿ, "ಇವರು ಯಾರದೋ ವಂಶದ ಬಗ್ಗೆ ಮಾತನಾಡುತ್ತಿದ್ದಾರೆ" ಎಂದಷ್ಟೇ ಹೇಳಿ ಬಿಟ್ಟರಂತೆ.

ನಾವು ವಾರ್ಡಿಗೆ ಕಾಲಿಟ್ಟೊಡನೆ ಅದು ಯಾರ ವಂಶವೆಂದು ತಿಳಿಯಿತು.

"ಬಂದ್ರಾ? ಇವ್ರ ವಂಸ ಹಾಳಾಗ, ಈ ಮುಂಡೇವು ನೀರಿಗೆ ಗಂಜಿ ಕಲಸಿ ಕುಡಿಸ್ತಾವೆ ಕಣ್ಲಾ ಶಿವಣ್ಣ! ಬರೀ ನೀರು ಕೊಡ್ರೇ ಅಂದ್ರೆ ತಲೆ ಸವರ್ತಾವೆ. ನಾನೇನು ನಾಯಿಮರಿನಾ?"

ಗಂಟಲಿನ ಒಂದು ಪಕ್ಕವೂ ಸೋತಿದ್ದರಿಂದ ತೆಳುವಾದ ನೀರು ಕುಡಿದರೆ ಶ್ವಾಸಕೋಶಕ್ಕೆ ಇಳಿಯುವ ಅಪಾಯವಿತ್ತು. ಅದಕ್ಕೆ ನೀರನ್ನೂ ಮಂದ ಮಾಡಿ ಕೊಡುತ್ತಿದ್ದರು. ಮಾವ ಅಕ್ಕನಿಗೆಂದು ಊರಿನಿಂದ ರಾಗಿಹಿಟ್ಟು ಹೊತ್ತು ತಂದಿದ್ದರು. ಮುದ್ದೆಯ ವಿಷಯ ಎತ್ತಿದ್ದೇ ತಡ, ದಾದಿ ಎರಡೂ ಕೈ ಅಡ್ಡ ಹಿಡಿದು ಬೇಡವೇ ಬೇಡ ಅಂದರು. ಮಾವ ಒಪ್ಪಿದರು. ಅಕ್ಕನಿಗೆ ಕೊಡಬಾರದೆಂದು ಅರ್ಥಮಾಡಿಕೊಂಡರು. ಅಷ್ಟನ್ನು ಮಾತ್ರ ಅರ್ಥಮಾಡಿಕೊಂಡರು ಎಂಬುದು ಬುಧವಾರ ತಿಳಿಯಿತು.

ಶುಕ್ರವಾರದ ಒಳಗೆ ಆಸ್ಪತ್ರೆಯ ಹಾಸಿಗೆ ಬಿಡಬೇಕಿತ್ತು. ನಾವು ಒಂದು ಮನೆ ಆರಿಸದಿದ್ದರೆ ಎಲ್ಲಿ ಖಾಲಿ ಇದೆಯೋ ಅಲ್ಲಿಗೆ ಕಳಿಸುತ್ತಿದ್ದರು. ಊರಿಗೆ ಕರೆದೊಯ್ಯೋಣವೆಂದರೆ ವೈದ್ಯರು ವಿಮಾನ ಸದ್ಯಕ್ಕೆ ಬೇಡವೆಂದರು. ಅದಕ್ಕಿಂತ ಹೆಚ್ಚಾಗಿ ದೊಡ್ಡಮ್ಮನೇ ಬೇಡವೆಂದಳು. "ನಾನು ದುಡಿದಿದ್ದು ಇಲ್ಲಿ. ನಿಮ್ ದೊಡ್ಡಪ್ಪನ್ನ ಮಣ್ಣು ಮಾಡಿರಾದು ಇಲ್ಲಿ. ಅಲ್ಲಿಗೆ ಬಂದು ಯಾರ ಜಗಲಿ ಕಾಯಾನ?"

ನನ್ನನ್ನು ಕಾಡಿದ್ದು ಒಂದೇ ಪ್ರಶ್ನೆ. ನಾವು ವಾಪಸು ಹೋದ ಮೇಲೆ ಯಾರಾದರೂ ಅವಳನ್ನು ಒರಟಾಗಿ ಹಿಡಿದರೆ, ಒದ್ದೆಯಲ್ಲೇ ಮಲಗಿಸಿದರೆ, ಅವಳು ಯಾರಿಗೆ ಹೇಳಬೇಕು? ಬಾಯಿ ಬೇಕಾದಷ್ಟಿದೆ. ಕೇಳಿ ತಿಳಿಯುವ ಕಿವಿ ಆ ಊರಿನಲ್ಲಿ ಒಂದೂ ಇಲ್ಲ.

ದೊಡ್ಡಮ್ಮ ಅಳಲಿಲ್ಲ. ಡ್ಯೂಟಿ ವಹಿಸಿಕೊಡುವ ಹೆಡ್ ನರ್ಸಿನ ಹಾಗೆ ನಮಗೆ ಅಪ್ಪಣೆ ಕೊಟ್ಟಳು.

"ಬೋರ್ಡು ನೋಡ್ಬ್ಯಾಡ್ರಿ. ಹೇಳದೆ ಕೇಳದೆ ಊಟದ್ ಹೊತ್ಗೆ ಹೋಗ್ರಿ. ಮೂಗಿಗೆ ಏನ್ ವಾಸ್ನೆ ಬತ್ತದೆ ನೋಡ್ರಿ. ಗಂಟೆ ಬಾರಿಸಿದ್ರೆ ಎಷ್ಟೊತ್ಗೆ ಬತ್ತಾರೆ ನೋಡ್ರಿ. ಮುದುಕ್ರು ಉಗುರು ನೋಡ್ರಿ, ಹಿಮ್ಮಡಿ ನೋಡ್ರಿ. ಮಲಗಿದ್ದೋರ್ನ ಮಗ್ಗುಲು ಬದ್ಲಾಯಿಸದೆ ಬುಟ್ರೆ ಮೊದ್ಲು ಹುಣ್ಣಾಗಾದೇ ಹಿಮ್ಮಡಿ."

"ಅಕ್ಕ, ಬ್ಯಾರೇರ ಮನೆ ಎಂಗಸ್ರು ಕಾಲೆತ್ತಿ ಹಿಮ್ಮಡಿ ನೋಡಾಕಾಯ್ತದಾ?" ಮಾವ ಕೇಳಿದರು.

"ಅದೇನ್ ಮಾಡ್ತೀಯೋ ಮಾಡ್ಲಾ. ನೋಡ್ಕಂಡು ಬಾ."

ಮಂಗಳವಾರ, ಫಲಕದ ಮನೆ

ಆ ದೇಶದಲ್ಲಿ ಇಂಥ ಮನೆಗಳಿಗೆಲ್ಲ ಸರ್ಕಾರದ ತಪಾಸಕರು ಮುನ್ಸೂಚನೆ ಇಲ್ಲದೆ ಬಂದು ನೋಡಿ, ವರದಿ ಬರೆದು, ದರ್ಜೆ ಕೊಡುತ್ತಾರೆ. ಯಾರು ಬೇಕಾದರೂ ಓದಬಹುದು. ಅತ್ಯುತ್ತಮ, ಒಳ್ಳೆಯದು, ಸುಧಾರಿಸಬೇಕು, ಸಾಲದು ಎಂದು ನಾಲ್ಕು ದರ್ಜೆ. ನಾನು ಮೊಬೈಲಿನಲ್ಲಿ ಎಲ್ಲವನ್ನೂ ಓದಿ, ಮೊದಲ ದರ್ಜೆಯ ಮನೆಯನ್ನು ಮಾವನಿಗೆ ಹೆಮ್ಮೆಯಿಂದ ತೋರಿಸಿದೆ.

"ಬೇಲಿನ ಮ್ಯಾಲ್ಗಡೆ ಎಲೆ ಯಾವಾಗ್ಲೂ ಚಿನ್ನದಂಗೇ ಇರ್ತದೆ ಮಗ" ಅಂದರು ಮಾವ. ಹೊಗೆಸೊಪ್ಪಿನ ಹರಾಜಿಗೆ ಬೇಲು, ಅಂದರೆ ಎಲೆಯ ಮೂಟೆ, ಕಟ್ಟುವಾಗ ಒಳ್ಳೆಯ ಎಲೆಯನ್ನು ಮೇಲೆ ಜೋಡಿಸಿ ಕೆಟ್ಟದ್ದನ್ನು ನಡುವೆ ಅಡಗಿಸುವುದುಂಟು. ಬುದ್ಧಿವಂತ ಖರೀದಿದಾರ ನಡುವಿಗೇ ಕೈ ಹಾಕುತ್ತಾನೆ.

"ಅದು ನಿಮಗೆ ಹೇಗೆ ಗೊತ್ತು?"

"ನಾನೇ ಕಟ್ಟಿದೀನಲ್ಲ. ಎಲ್ಡು ಸಲ ಸಿಕ್ಕಾಕಂಡೆ."

ಗೇಟಿನ ಮೇಲೇ 'ಅತ್ಯುತ್ತಮ' ಎಂಬ ದೊಡ್ಡ ಫಲಕ ಇತ್ತು. ಒಳಗೆ ಹೂವು, ಪಿಯಾನೊ, ಮೀನಿನ ತೊಟ್ಟಿ. ನಗುಮುಖದ ಮೇಲ್ವಿಚಾರಕರೊಬ್ಬರು ಕೂರಿಸಿ ಟೀ ತರಿಸಿದರು. ಮಾವ ಕಪ್ಪನ್ನು ಒಂದು ಗೇಣು ಆಚೆಗೆ ಸರಿಸಿದರು.

"ಕುಡೀರಿ ಮಾವ, ಅವರಿಗೆ ಬೇಜಾರಾಗುತ್ತೆ."

"ಹೆಣ್ ಕೊಡಾಕೆ ಮನೆ ನೋಡಾಕ್ ಹೋದಾಗ, ಒಪ್ಪಿಗೆ ಆಗಗಂಟ ಅವರ ಮನೇಲಿ ಬಾಯಿ ಎಂಜಲು ಮಾಡ್ಬಾರ್ದು. ಉಪ್ಪು ತಿಂದ್ಮೇಲೆ ಕುಂದು ಹೇಳಾಕೆ ನಾಲ್ಗೆ ಬತ್ತದಾ?"

ನಾನು ಇಂಗ್ಲಿಷಿನಲ್ಲಿ, "ಇವರಿಗೆ ಇವತ್ತು ಉಪವಾಸ" ಅಂದೆ. ಮೇಲ್ವಿಚಾರಕರು ಭಕ್ತಿಯಿಂದ ತಲೆಯಾಡಿಸಿದರು.

ಆಮೇಲೆ ಮಾವ ಹಿಮ್ಮಡಿ ನೋಡುವ ಉಪಾಯವನ್ನು ಹೊರತೆಗೆದರು. ಪಡಸಾಲೆಯಲ್ಲಿ ಕಾಲು ನೀಡಿ ಒರಗಿದ್ದ ಮೊದಲ ಅಜ್ಜಿಯ ಮುಂದೆ ಬಗ್ಗಿ, ಎರಡೂ ಪಾದ ಹಿಡಿದು ನಮಸ್ಕಾರ ಮಾಡಿದರು. ಕಣ್ಣಿಗೊತ್ತಿಕೊಳ್ಳುವ ನೆಪದಲ್ಲಿ ಹಿಮ್ಮಡಿಯನ್ನು ಬೆರಳಿನಿಂದ ಒಮ್ಮೆ ಒತ್ತಿ ನೋಡಿದರು. ಹೊಗೆಸೊಪ್ಪಿನ ಹದ ನೋಡುವ ಬೆರಳುಗಳು ಅವು. ಹೀಗೆ ಸಾಲಾಗಿ ಆ ಪಡಸಾಲೆಯ ಅಷ್ಟೂ ಮುದುಕ ಮುದುಕಿಯರ ಪಾದಕ್ಕೆ ಬಿದ್ದರು. ಒಬ್ಬ ತಾತ ಸಂಕೋಚಪಟ್ಟು ಮಾವನ ಕೈ ಕುಲುಕಿದರು. ಮೇಲ್ವಿಚಾರಕರ ಕಣ್ಣು ತುಂಬಿಬಂತು. "ಹಿರಿಯರನ್ನು ಗೌರವಿಸುವುದನ್ನು ನಾವು ನಿಮ್ಮಿಂದ ಕಲಿಯಬೇಕು" ಅಂದರು. ನಾನು ನೆಲ ನೋಡಿದೆ.

ಕೊನೆಯ ಕುರ್ಚಿಯ ಅಜ್ಜಿಯ ಪಾದ ಮುಟ್ಟಿದ ಕೂಡಲೇ ಆಕೆ ಚೀರಿ ಕಾಲೆಳೆದುಕೊಂಡರು.

"ಕಚಗುಳಿ" ಎಂದು ಮೇಲ್ವಿಚಾರಕರು ನಕ್ಕರು.

ಮಾವ ನಗಲಿಲ್ಲ. "ಕಾಲುಚೀಲ ಒದ್ದೆ ಆಗ್ಬುಟ್ಟದೆ. ಮೆತ್ತಗಾಗ್ಬುಟ್ಟದೆ ಹಿಮ್ಮಡಿ" ಎಂದು ಮೆಲ್ಲಗೆ ನನಗೆ ಹೇಳಿದರು. ಅಷ್ಟು ಹೊತ್ತೂ ಒಳಗೆಲ್ಲೋ ಒಂದು ಗಂಟೆ ಕಿಣಿಕಿಣಿ ಬಡಿದುಕೊಳ್ಳುತ್ತಲೇ ಇತ್ತು. ಒಳಗಿನ ಕೋಣೆಗಳನ್ನು ನೋಡಬಹುದೇ ಎಂದರೆ, ನಿವಾಸಿಗಳು ವಿಶ್ರಾಂತಿಯಲ್ಲಿದ್ದಾರೆ ಎಂಬ ಉತ್ತರ ಬಂತು. ಹೊರಗೆ ಬಂದು ವರದಿಯನ್ನು ಮತ್ತೆ ತೆಗೆದೆ. ದರ್ಜೆಯ ಕೆಳಗೆ ತಾರೀಖೂ ಇತ್ತು. ನಾಲ್ಕು ವರ್ಷ ಹಿಂದಿನದು. ಆಮೇಲೆ ಮನೆಯ ಮಾಲೀಕರೇ ಬದಲಾಗಿದ್ದರು. ಹೋದ ವರ್ಷದ ಅಂಕಪಟ್ಟಿ ತೋರಿಸಿ ಈ ವರ್ಷ ಪಾಸಾದೆ ಅನ್ನುವ ಹುಡುಗರನ್ನು ದಿನಾ ನೋಡುವ ನಾನು ತಾರೀಖು ನೋಡಿರಲಿಲ್ಲ.

ತೋಟದಲ್ಲೇ ಬಸ್ ನಿಲ್ದಾಣವಿದ್ದದ್ದು ಅನುಕೂಲವಾಯಿತೆಂದು ಕೂತೆವು. ಪಕ್ಕದಲ್ಲಿ ಒಬ್ಬ ಅಜ್ಜಿ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದರು. ಬಸ್ ಈಗ ಬರುತ್ತದೆ ಎಂದರು. ಎಚ್.ಡಿ. ಕೋಟೆಯಲ್ಲಿ ಸರಗೂರಿನ ಬಸ್ಸಿಗೆ ಅರ್ಧ ದಿನ ಕಾದ ಅನುಭವವಿರುವ ನಮಗೆ ಕಾಯುವುದು ಕಷ್ಟವಲ್ಲ. ಬಹಳ ಹೊತ್ತಿನ ಮೇಲೆ ತೋಟದ ಮಾಲಿ ಬಂದು, ಮರೆವಿನ ಕಾಯಿಲೆಯವರು ಮನೆಗೆ ಹೋಗಬೇಕೆಂದು ಹಟ ಹಿಡಿದಾಗ ಸಮಾಧಾನಕ್ಕೆ ಕೂರಿಸಲು ಮಾಡಿದ ಸುಳ್ಳು ನಿಲ್ದಾಣ ಅದು, ಇಲ್ಲಿಗೆ ಯಾವ ಬಸ್ಸೂ ಬರುವುದಿಲ್ಲ ಎಂದು ವಿನಯದಿಂದ ತಿಳಿಸಿದ. ನಮ್ಮನ್ನು ಹೊಸದಾಗಿ ಸೇರಿದವರು ಅಂದುಕೊಂಡಿದ್ದನಂತೆ.

ಬುಧವಾರ, ನೀಲಿ ಚಾಪೆ

ಎರಡನೆಯ ಮನೆ 'ಒಳ್ಳೆಯದು' ದರ್ಜೆಯದು, ವರದಿ ಇತ್ತೀಚಿನದು. ಫಲಕ ಇರಲಿಲ್ಲ. ಗೋಡೆಯ ಬಣ್ಣ ಅಲ್ಲಲ್ಲಿ ಎದ್ದಿತ್ತು. ಊಟದ ಹೊತ್ತಿಗೆ ಹೇಳದೆ ಹೋದೆವು. ಮೇಲ್ವಿಚಾರಕಿ ಹೆಲೆನ್, ಏಪ್ರನ್ ಕಟ್ಟಿಕೊಂಡೇ ಬಾಗಿಲಿಗೆ ಬಂದು, "ಬನ್ನಿ, ಎಲ್ಲಿ ಬೇಕಾದರೂ ನೋಡಿ. ಊಟದ ಕೋಣೆಯಲ್ಲಿ ಕೂತರೆ ಎಲ್ಲ ತಿಳಿಯುತ್ತದೆ" ಅಂದರು. ಮಾವ ದಾರಿಯುದ್ದಕ್ಕೂ ನಮಸ್ಕಾರ ಮಾಡುತ್ತ ಬಂದರು. "ಹಿಮ್ಮಡಿಯೆಲ್ಲ ಒಣಗವೆ, ಗಟ್ಟಿಗವೆ" ಎಂದು ಪಿಸುಗುಟ್ಟಿದರು.

ಇಲ್ಲಿಯೂ ಬಾಯಿ ಎಂಜಲು ಮಾಡುವ ಹಾಗಿರಲಿಲ್ಲ. ಅದಕ್ಕೆ ಬೆಳಿಗ್ಗೆಯೇ ದೊಡ್ಡಮ್ಮನ ಮನೆಯಲ್ಲಿ ಮಾವ ಮುದ್ದೆ ಕಟ್ಟಿ, ಹುರುಳಿಕಾಳಿನ ಸಾರಿನೊಂದಿಗೆ ಕ್ಯಾರಿಯರಿಗೆ ಹಾಕಿಕೊಂಡು ಬಂದಿದ್ದರು. ಮಧ್ಯಾಹ್ನಕ್ಕೆ ಅದು ಆರಿ ಬಿಗಿದಿತ್ತು. ನಮ್ಮ ಎದುರು ಆರ್ಥರ್ ಕೂತಿದ್ದರು. ಎತ್ತರದ ಆಳು, ಕೋಟು, ಟೈ. ಎಲ್ಲರ ತಟ್ಟೆಯ ಕೆಳಗೂ ಬಿಳಿಯ ಸಣ್ಣ ಚಾಪೆ, ಅವರೊಬ್ಬರಿಗೆ ನೀಲಿಯದು.

"ಇವರೊಬ್ರಿಗೇ ಬ್ಯಾರೆ ಹಾಸವ್ರೆ. ಊರಿನ ಯಜಮಾನ್ರು ಇರ್ಬೇಕು" ಅಂದರು ಮಾವ.

ಆರ್ಥರ್ ಕ್ಯಾರಿಯರನ್ನು ನೋಡಿದರು. ತಮ್ಮ ತಟ್ಟೆಯ ಅರೆದ ಹಸಿರು ಲೇಹ್ಯವನ್ನು ನೋಡಿದರು. ಮತ್ತೆ ಕ್ಯಾರಿಯರನ್ನು ನೋಡಿದರು. ಎದುರಿಗಿರುವವರು ಹಾಗೆ ನೋಡುತ್ತಿರುವಾಗ, ಅದರಲ್ಲೂ ಯಜಮಾನರು ನೋಡುತ್ತಿರುವಾಗ, ಕೊಡದೆ ಉಣ್ಣುವುದು ನಮ್ಮ ಮಾವನಿಂದ ಆಗದ ಕೆಲಸ. ಆಗ ಕೋಣೆಯಲ್ಲಿದ್ದ ಒಬ್ಬಳೇ ಪರಿಚಾರಕಿ ಯಾರೋ ಕರೆದರೆಂದು ಹೊರಗೆ ಹೋದಳು. ನಾನು ಮೊಬೈಲಿನಲ್ಲಿ ಮನೆಯ ವರದಿಯ 'ಸುರಕ್ಷತೆ' ಅಧ್ಯಾಯ ಓದುತ್ತಿದ್ದೆ. ತಲೆ ಎತ್ತುವಷ್ಟರಲ್ಲಿ ಮಾವ ನಿಂಬೆ ಗಾತ್ರದ ತುತ್ತು ಮುರಿದು, ಸಾರಿನಲ್ಲಿ ಅದ್ದಿ ಕೊಟ್ಟಾಗಿತ್ತು.

ಆರ್ಥರ್ ಅಗಿಯಲು ಶುರುಮಾಡಿದರು.

"ಅಗೀಬ್ಯಾಡಿ ಸ್ವಾಮಿ! ನುಂಗಿ, ನುಂಗಿ!" ಮಾವ ತಮ್ಮ ಗಂಟಲು ಸವರಿ ತೋರಿಸಿದರು.

ಆರ್ಥರ್ ವಿಧೇಯರಾಗಿ ನುಂಗಿದರು.

ಮೊದಲು ಏನೂ ಆಗಲಿಲ್ಲ. ಮುಗುಳ್ನಕ್ಕರು ಕೂಡ. ಆಮೇಲೆ ಆ ನಗು ಮುಖದ ಮೇಲೆ ಹಾಗೇ ನಿಂತುಬಿಟ್ಟಿತು. ಕೆಮ್ಮು ಬರಲಿಲ್ಲ. ಶಬ್ದವೇ ಬರಲಿಲ್ಲ. ಇದನ್ನು ನಾನು ಎಷ್ಟು ಸಲ ನೆನೆದಿದ್ದೇನೋ. ಪ್ರತಿ ಸಲವೂ ಹೆದರಿಕೆಯಾಗುವುದು ಆ ಸದ್ದಿಲ್ಲದಿರುವಿಕೆಗೆ. ಕೈ ಮೇಜಿನ ಬಟ್ಟೆಯನ್ನು ಹಿಡಿದು ಎಳೆಯಿತು. ಚಮಚ ಬಿದ್ದಿತು.

"ನೆತ್ತಿಗತ್ತು ಕಣವ್ವ!" ಮಾವ ಎದ್ದು ಹೋಗಿ ನೆತ್ತಿ ತಟ್ಟತೊಡಗಿದರು. "ಯಾರೋ ನೆನೆಸ್ಕತಾವ್ರೆ, ಏನಾಗಲ್ಲ, ಏನಾಗಲ್ಲ…" ಪಕ್ಕದ ಮೇಜಿನ ಅಜ್ಜಿಗೆ ಕಂಡದ್ದು, ಒಬ್ಬ ಅಪರಿಚಿತ ತಮ್ಮ ಆರ್ಥರನ್ನು ತಲೆಗೆ ಬಾರಿಸುತ್ತಿರುವುದು. ಆಕೆ ಊರುಗೋಲೆತ್ತಿ ಮಾವನ ಮೊಣಕಾಲಿಗೆ ಹೊಡೆದರು. ಮಾವ ಹೊಡೆಸಿಕೊಳ್ಳುತ್ತಲೇ ತಟ್ಟಿದರು.

ನಾನು ಓದಿದವಳು. ಗಡಿಯಾರದಿಂದ ಕಣ್ಣು ಕಿತ್ತಾಗ ಗೋಡೆಯ ಮೇಲಿನ ಕೆಂಪು ಡಬ್ಬಿ ಕಂಡಿತು, 'ಇಲ್ಲಿ ಒತ್ತಿ' ಎಂದಿತ್ತು, ಒತ್ತಿದೆ. ಅದು ಸಹಾಯಕ್ಕೆ ಕರೆಯುವ ಗುಂಡಿಯಲ್ಲ, ಬೆಂಕಿಯ ಎಚ್ಚರಿಕೆಯದು. ಇಡೀ ಕಟ್ಟಡ ಕೂಗಿಕೊಂಡಿತು. ಬೆಂಕಿ ಹರಡದಿರಲೆಂದು ಬಾಗಿಲುಗಳೆಲ್ಲ ತಾವಾಗಿಯೇ ಧಡಧಡನೆ ಮುಚ್ಚಿಕೊಂಡವು. ಸಿಬ್ಬಂದಿಯೆಲ್ಲ ನಿಯಮದ ಪ್ರಕಾರ ನಮ್ಮಿಂದ ದೂರಕ್ಕೆ, ಸೇರಬೇಕಾದ ಜಾಗಕ್ಕೆ ಓಡಿದರು. ಒಬ್ಬ ಮನುಷ್ಯನಿಗೆ ಉಸಿರು ಬೇಕಾಗಿದ್ದ ಹೊತ್ತಿಗೆ ನಾನು ಎಲ್ಲ ಬಾಗಿಲನ್ನೂ ಮುಚ್ಚಿಸಿದ್ದೆ.

ಮುಚ್ಚಿದ ಬಾಗಿಲನ್ನು ಹೆಗಲಿನಿಂದ ದೂಡಿಕೊಂಡು ಬಂದವರು ಒಬ್ಬರೇ. ಘಾನಾ ದೇಶದ ಗ್ರೇಸ್ ಎಂಬ ದಾದಿ. ಊಟದ ಕೋಣೆಯವರು ಯಾರೂ ಹೊರಗೆ ಬಂದಿಲ್ಲವೆಂದು ಹುಡುಕಿಕೊಂಡು ಬಂದಿದ್ದರಂತೆ. ಮಾವನನ್ನು ಒಂದೇ ಕೈಯಲ್ಲಿ ಪಕ್ಕಕ್ಕೆ ಸರಿಸಿದರು. ಆರ್ಥರನ್ನು ಮುಂದಕ್ಕೆ ಬಗ್ಗಿಸಿ ಬೆನ್ನಿಗೆ ಬಲವಾಗಿ ಗುದ್ದಿದರು. ಬರಲಿಲ್ಲ. ಮತ್ತೆ ಗುದ್ದಿದರು. ಬರಲಿಲ್ಲ. ಹಿಂದಿನಿಂದ ತಬ್ಬಿ, ಹೊಟ್ಟೆಯ ಮೇಲೆ ಮುಷ್ಟಿಯಿಟ್ಟು, ಒಳಕ್ಕೆ ಮೇಲಕ್ಕೆ ಜಗ್ಗಿದರು. ಆ ಎತ್ತರದ ಮನುಷ್ಯ ಒಮ್ಮೆ ನೆಲ ಬಿಟ್ಟರು. ತುತ್ತು ಹಾರಿ ಬಂದು ನನ್ನ ಮೊಬೈಲಿನ ಮೇಲೆ ಬಿದ್ದಿತು.

ಆರ್ಥರ್ ಉಸಿರೆಳೆದುಕೊಂಡ ಸದ್ದು ಅಷ್ಟು ಗದ್ದಲದಲ್ಲೂ ಕೇಳಿಸಿತು.

ಗ್ರೇಸ್ ಆ ತುತ್ತನ್ನು ಬೆರಳಿನಿಂದ ಒತ್ತಿ ನೋಡಿದರು. ಅವರ ಊರಿನಲ್ಲೂ ಮರಗೆಣಸು ಕುಟ್ಟಿ ಇಂಥದ್ದೇ ಮುದ್ದೆ ಮಾಡುತ್ತಾರಂತೆ, ಅವರೂ ಅಗಿಯುವುದಿಲ್ಲವಂತೆ. ಮಾವನ ಕಡೆ ತಿರುಗಿ, "ನುಂಗಲು ಗಂಟಲು ಬೇಕು ಅಪ್ಪ. ನೀಲಿ ಚಾಪೆ ಅಂದರೆ ಗಂಟಲು ಇಲ್ಲ ಅಂತ" ಅಂದರು. ನಾನು ಕನ್ನಡಕ್ಕೆ ತಿರುಗಿಸಿದೆ. ಮಾವ ಗೋಡೆಗೆ ಒರಗಿ ಕುಕ್ಕರಿಸಿದರು.

"ನಮ್ಮಕ್ಕಂಗೂ ಇನ್ಮೇಲೆ ಅದೇ ಚಾಪೆನಾ?" ಅಂದರು.

ಗುರುವಾರ, ಹೇಳಿಕೆ

ಬುಧವಾರವೇ ಆರ್ಥರನ್ನು ತಪಾಸಣೆಗೆಂದು ಆಂಬುಲೆನ್ಸಿನಲ್ಲಿ ಕರೆದೊಯ್ದು ಸಂಜೆಗೆ ವಾಪಸು ಕಳಿಸಿದ್ದರು. ಅವರು ಹೋದ ಕೂಡಲೇ ಹೆಲೆನ್ ನಮ್ಮ ಎದುರೇ ಆರ್ಥರ್ ಅವರ ಮಗಳಿಗೆ ಫೋನ್ ಮಾಡಿದ್ದರು. ನಾನು ಕಾಯುತ್ತಿದ್ದೆ, ಈಗ ನಮ್ಮ ಹೆಸರು ಬರುತ್ತದೆ ಎಂದು. ಹೆಲೆನ್ ಹೇಳಿದ್ದು ಹೀಗೆ: "ತಪ್ಪು ನಮ್ಮದು. ನೀಲಿ ಚಾಪೆಯ ಅರ್ಥವನ್ನು ಅತಿಥಿಗಳಿಗೆ ನಾವು ಹೇಳಿರಲಿಲ್ಲ. ಊಟದ ಹೊತ್ತಿನಲ್ಲಿ ಕೋಣೆಯಲ್ಲಿ ನಮ್ಮವರು ಒಬ್ಬರೂ ಇರಲಿಲ್ಲ." ಅದನ್ನೇ ತಪಾಸಣೆಯ ಇಲಾಖೆಗೂ ತಾವೇ ತಿಳಿಸಿದರು. ಗುರುವಾರ ಬೆಳಿಗ್ಗೆ ತಪಾಸಕಿ ಬಂದರು. ವರದಿ ಓದಲು ಹೋಗಿದ್ದ ನಾವು ವರದಿಯೊಳಗೇ ಸೇರಿಹೋದೆವು.

ತಪಾಸಕಿ ಗಂಭೀರ ಮುಖದ ಮಧ್ಯವಯಸ್ಸಿನ ಹೆಂಗಸು. ನಾನೇ ಸಾಕ್ಷಿ, ನಾನೇ ದುಭಾಷಿ.

"ಇವರು ಅವರ ತಲೆಗೆ ಯಾಕೆ ಹೊಡೆದರು?"

"ಹೊಡೆಯಲಿಲ್ಲ, ತಟ್ಟಿದರು. ಅನ್ನ ನೆತ್ತಿಗೆ ಹತ್ತಿದಾಗ ನಮ್ಮಲ್ಲಿ ನೆತ್ತಿ ತಟ್ಟುತ್ತೇವೆ."

"ಗಂಟಲಿಗೆ ಸಿಕ್ಕಿದ್ದಕ್ಕೆ ನೆತ್ತಿಯನ್ನೇ ಯಾಕೆ?"

ಎಂ.ಎಸ್ಸಿ. ಓದಿರುವ ನಾನು, "ದೂರದಲ್ಲಿರುವ ಯಾರೋ ನೆನೆಸಿಕೊಂಡರೆ ಹೀಗಾಗುತ್ತದೆ ಎಂಬ ನಂಬಿಕೆ" ಅಂದೆ. ಆಕೆ ಅದನ್ನೂ ಬರೆದುಕೊಂಡರು. ಮಾವ ಸಹಾಯಕ್ಕೆಂದು ನನ್ನ ನೆತ್ತಿಯನ್ನು ತಟ್ಟಿ ತೋರಿಸಿದರು.

"ಇವರು ನಿವಾಸಿಗಳ ಪಾದ ಮುಟ್ಟುತ್ತಿದ್ದರು ಎಂದೂ ಕೆಲವರು ಹೇಳಿದ್ದಾರೆ."

ನಾನು ಸಂಸ್ಕೃತಿ, ಗೌರವ ಎಂದು ಶುರುಮಾಡಿದ್ದೆ. ಅಷ್ಟರಲ್ಲಿ ಮಾವ, "ಏನ್ ಕೇಳ್ತಾವ್ರೆ? ಪಾದದ್ದಾ? ಸುಳ್ಯಾಕೆ, ಹಿಮ್ಮಡಿ ನೋಡ್ದೆ ಅಂತ ಹೇಳು. ನಮ್ಮಕ್ಕ ಹೇಳಿದ್ಲು ಅಂತ ಹೇಳು" ಅಂದರು. ಹೇಳಿದೆ. ಪೊಲೀಸರನ್ನು ಕರೆಯುತ್ತಾರೆ ಎಂದೇ ಅಂದುಕೊಂಡೆ.

ತಪಾಸಕಿ ಪೆನ್ನು ಕೆಳಗಿಟ್ಟು ಮಾವನನ್ನೇ ನೋಡಿದರು. "ಹಿಮ್ಮಡಿಗಳು ಹೇಗಿದ್ದವು?"

"ಇಲ್ಲಿ ಎಲ್ಲಾರ್ದೂ ಚೆನ್ನಾಗವೆ ಕಣವ್ವ. ಆ ಸುಳ್ಳು ಬಸ್ಟಾಪಿನ ಮನೇಲಿ, ಕಿಟಕಿ ತಾವ್ ಕೊನೆ ಕುರ್ಚಿ ಅಜ್ಜಮ್ಮಂದು ಚೆನ್ನಾಗಿಲ್ಲ."

ಆಕೆ ಆ ಮನೆಯ ಹೆಸರನ್ನು ಎರಡು ಸಲ ಕೇಳಿ ಬರೆದುಕೊಂಡರು.

ಹೊರಗೆ ಬಂದ ಮೇಲೆ ನಾವಿಬ್ಬರೂ ಜಗಳವಾಡಿದೆವು. ಮಾವನಿಗೆ ಆ ಮನೆಯ ಹೊಸಿಲು ಮತ್ತೆ ತುಳಿಯಲು ನಾಚಿಕೆ. "ಮನೆ ನೋಡಾಕೆ ಹೋಗಿ ಮನೆ ಯಜಮಾನ್ರುನ್ನೇ ಸಾಯಿಸ್ತಿದ್ವಿ. ಯಾವ ಮಖ ಮಡಿಕ್ಕಂಡು ನಮ್ಮೆಣ್ಣು ಮಡಿಕ್ಕಳಿ ಅಂತ ಕೇಳಾದು? ಬ್ಯಾರೆ ಯಾವ್ದಾರ ನೋಡವ ಬುಡು" ಅಂದರು.

ನನಗೆ ಮಾತ್ರ ಹೆಲೆನ್ ಅವರ ಆ ಫೋನಿನ ಮಾತು ಕಿವಿಯಲ್ಲೇ ಇತ್ತು. "ಮಾವ, ದೊಡ್ಡಮ್ಮನಿಗೆ ಇಂಗ್ಲಿಷಲ್ಲಿ ದೂರು ಹೇಳೋದಕ್ಕೆ ಆಗಲ್ಲ. ಕನ್ನಡದಲ್ಲಿ ಹೇಳಿದರೂ ಇಲ್ಲಿ ಯಾರಿಗೂ ತಿಳಿಯಲ್ಲ. ಅಂಥವಳನ್ನ, ತನ್ನ ಮೇಲೆ ತಾನೇ ದೂರು ಕೊಡೋ ಮನೇಲಿ ಬಿಡದೆ ಇನ್ನೆಲ್ಲಿ ಬಿಡೋಣ?"

ಮಾವ ತಿರುಗಿ ಆ ಮನೆಯ ಬಾಗಿಲು ನೋಡಿದರು. "ಆ ಯಮ್ಮ ಒಪ್ಪಬೇಕಲ್ಲ" ಅಂದರು.

ಶುಕ್ರವಾರ, ಒಪ್ಪಿಗೆ

ಹೆಲೆನ್ ಒಪ್ಪಿದರು. ಒಂದೇ ಷರತ್ತು. ಹೊರಗಿನ ಊಟ ಒಳಗೆ ಬರುವ ಮುಂಚೆ ದಾದಿಯನ್ನು ಕೇಳಬೇಕು. ಆ ಷರತ್ತು ಆಗಲೇ ಬಾಗಿಲ ಮೇಲೆ ಅಚ್ಚಾಗಿ ಅಂಟಿತ್ತು, ನೀಲಿ ಚಾಪೆಯ ಚಿತ್ರ ಸಮೇತ. "ಮುಂದಿನ ವರದಿಯಲ್ಲಿ ನಮ್ಮ ದರ್ಜೆ ಇಳಿಯಬಹುದು. ನಿಮಗೆ ಪರವಾಗಿಲ್ಲವೇ?" ಎಂದು ಕೇಳಿದರು. ಇಳಿಸಿದವರನ್ನೇ ಹಾಗೆ ಕೇಳುತ್ತಿದ್ದರು. ಆಮೇಲೆ ಟೀ ಬಂತು. ಮಾವ ಕಪ್ಪನ್ನು ಎರಡು ಕೈಯಲ್ಲಿ ಹಿಡಿದು ತಳದವರೆಗೆ ಕುಡಿದರು. ಸಕ್ಕರೆ ಹಾಕಿರಲಿಲ್ಲ. ಮುಖ ಕಿವುಚಿಕೊಂಡೇ "ಬೀಗರು ಆದ್ವಿ" ಅಂದರು. ಅದನ್ನು ನಾನು ಅನುವಾದಿಸಲಿಲ್ಲ.

ದೊಡ್ಡಮ್ಮನನ್ನು ಗಾಲಿಕುರ್ಚಿಯಲ್ಲಿ ತಂದರು. ಊಟದ ಕೋಣೆಯಲ್ಲಿ ಅವಳ ಮುಂದೆಯೂ ನೀಲಿ ಚಾಪೆ ಹಾಸಿದರು. ಪಕ್ಕದಲ್ಲಿ ಆರ್ಥರ್. ಅವರು ಮಾವನನ್ನು ಗುರುತು ಹಿಡಿದು, ಬೇರೆ ಏನಾದರೂ ತಂದಿದ್ದಾರೆಯೇ ಎಂದು ಕೈ ನೋಡಿದರು. ದೊಡ್ಡಮ್ಮ ಗ್ರೇಸ್ ಅವರನ್ನು ಮೇಲಿನಿಂದ ಕೆಳಗೆ ಅಳೆದು, "ಉಗುರು ಕತ್ತರಿಸವ್ಳೆ. ಪರ್ವಾಗಿಲ್ಲ" ಅಂದಳು.

ಹುಣಸೂರು

ಮರಳಿ ಬಂದ ಮೇಲೆ ನಿದ್ದೆ ಹತ್ತಲಿಲ್ಲ. ಕಣ್ಣು ಮುಚ್ಚಿದರೆ ಸದ್ದಿಲ್ಲದ ಆ ನಗು ಬರುತ್ತಿತ್ತು. ಒಂದೊಂದು ಸಲ ಅದು ಆರ್ಥರ್ ಮುಖವಾಗಿರುತ್ತಿರಲಿಲ್ಲ, ದೊಡ್ಡಮ್ಮನದಾಗಿರುತ್ತಿತ್ತು. ಅದಕ್ಕಿಂತ ದೊಡ್ಡ ತೊಂದರೆ ಎಂದರೆ ನಾನು ವಾಪಸು ಬಂದದ್ದು ಎಲ್ಲರೂ ಅಗಿಯದೆ ನುಂಗುವ ತಾಲ್ಲೂಕಿಗೆ. ಮನೆಯಲ್ಲಿ ನಮ್ಮ ಯಜಮಾನರು ಮುದ್ದೆ ಮುರಿದಾಗಲೆಲ್ಲ ನಾನು ಅವರ ಬೆನ್ನ ಹಿಂದೆ ಹೋಗಿ ನಿಲ್ಲುತ್ತಿದ್ದೆ. "ಊಟ ಮಾಡಕ್ಕೆ ಬಿಡ್ತೀಯೋ ಇಲ್ಲ ಹೋಟ್ಲಿಗೆ ಹೋಗ್ಲೋ?" ಎಂದು ಬೈದರು. ಹೊಸ ಅಗ್ರಹಾರದ ಒಂದು ಬೀಗರೂಟಕ್ಕೆ ಹೋಗಿದ್ದೆ. ಸಾಲು ಸಾಲಾಗಿ ಜನ ಮುದ್ದೆ ನುಂಗುತ್ತಿದ್ದಾರೆ, ನಾನು ಪಂಕ್ತಿಯ ಹಿಂದೆ ಓಡಾಡುತ್ತ ಗಂಟಲುಗಳನ್ನು ನೋಡುತ್ತಿದ್ದೇನೆ. ಜಾಗ ಸಿಗದೆ ಹಸಿದಿದ್ದೇನೆಂದುಕೊಂಡು ಯಾರೋ ಪುಣ್ಯಾತ್ಮರು ತಾವು ಎದ್ದು ನನ್ನನ್ನು ಕೂರಿಸಿ, ಎರಡು ಮುದ್ದೆ ಹಾಕಿಸಿದರು.

ಈ ನಡುವೆ ಹೆಲೆನ್ ಅವರ ಮನೆಯ ಹೊಸ ವರದಿ ಹೊರಬಂತು. 'ಸುರಕ್ಷತೆ' ಎಂಬ ಕಡೆ 'ಸುಧಾರಿಸಬೇಕು' ಎಂದಿತ್ತು. ಸಂದರ್ಶಕರೊಬ್ಬರು ಕೊಟ್ಟ ಆಹಾರದಿಂದ ಉಂಟಾದ ಘಟನೆ ಎಂದಷ್ಟೇ ಬರೆದಿದ್ದರು. ಮಾವನಿಗೆ ಫೋನಿನಲ್ಲಿ ಓದಿ ಹೇಳಿದೆ.

"ನಮ್ಮೆಸರು ಆಕವ್ರಾ?"

"ಇಲ್ಲ ಮಾವ."

"ಒಳ್ಳೇದಾಯ್ತು" ಅಂದರು. ಸ್ವಲ್ಪ ಹೊತ್ತಿನ ಮೇಲೆ, "ಬೆಟ್ಟದಪುರ ಅಂತಾನೂ ಇಲ್ವಾ?" ಎಂದು ಕೇಳಿದರು.

ಆಮೇಲೊಂದು ಭಾನುವಾರ ಮಧ್ಯಾಹ್ನ ಬಟ್ಟೆ ಒಣಹಾಕುತ್ತಿದ್ದಾಗ ಹೆಲೆನ್ ಫೋನ್ ಮಾಡಿದರು. ಆ ಹೆಸರು ಕಂಡದ್ದೇ ಒದ್ದೆ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ಫೋನ್ ಎತ್ತಿದೆ. ಹಿಂದಿನ ದಿನ ದೊಡ್ಡಮ್ಮನಿಗೆ ಮಧ್ಯಾಹ್ನದ ಮಾತ್ರೆಯನ್ನು ಮರೆತು, ಸಂಜೆ ಕೊಟ್ಟಿದ್ದರಂತೆ. ವೈದ್ಯರನ್ನು ಕೇಳಿದ್ದಾಯಿತು, ತೊಂದರೆಯೇನೂ ಇಲ್ಲ, ಆದರೂ ತಪ್ಪು ನಮ್ಮದೇ, ನಿಮಗೆ ತಿಳಿಸಬೇಕಿತ್ತು ಅಂದರು. ಹಿಂದಿನಿಂದ ದೊಡ್ಡಮ್ಮನ ದನಿ ಕೇಳಿಸಿತು. ಯಾರದೋ ವಂಶದ ಬಗ್ಗೆ ಮಾತನಾಡುತ್ತಿದ್ದಳು, ದನಿ ಗಟ್ಟಿಯಾಗಿತ್ತು.

ಕೂಡಲೇ ಮಾವನಿಗೆ ಫೋನ್ ಮಾಡಿ ವಿಷಯ ತಿಳಿಸಿದೆ.

"ಮಾತ್ರೆ ಮರ್ತವ್ರಾ? ಅದುನ್ನ ಅವ್ರೇ ಫೋನ್ ಮಾಡಿ ಹೇಳುದ್ರಾ? ಹೇಳದಿದ್ರೆ ನಮ್ಗೇನು ಗೊತ್ತಾಯ್ತಿತ್ತಾ?"

"ಇಲ್ಲ ಮಾವ, ಗೊತ್ತಾಗ್ತಾನೇ ಇರಲಿಲ್ಲ."

"ಮತ್ಯಾಕೆ ನೀನು ನಗಾಡ್ತಿದ್ದೀಯ?"

ನಗುತ್ತಿದ್ದೇನೆಂದು ಅವರು ಹೇಳುವವರೆಗೆ ನನಗೂ ತಿಳಿದಿರಲಿಲ್ಲ. ಯಜಮಾನರು ಊರಲ್ಲಿಲ್ಲದ ಆ ಭಾನುವಾರ ರಾತ್ರಿ ಮಲಗಿದವಳಿಗೆ, ಸೋಮವಾರ ಹಾಲಿನವನು ಬಾಗಿಲು ಬಡಿದು ಬಡಿದು ಸಾಕಾಗಿ ಪಕ್ಕದ ಮನೆಯಲ್ಲಿ ಹಾಲು ಕೊಟ್ಟು ಹೋದ ಮೇಲೆಯೇ ಎಚ್ಚರವಾಯಿತು.